ಯಾರ ಕೈಗೂ ಬೀಳದ ಕಲ್ಲು

ನಮ್ಮ ಊರಿನಲ್ಲಿ ಪ್ಯಾಂಟು ಹೊಲಿಸಲು ಹೋದರೆ ದರ್ಜಿ ಮೊದಲು ಕೇಳುವುದು ಸೊಂಟದ ಅಳತೆಯನ್ನಲ್ಲ, ಏನು ಕೆಲಸ ಮಾಡುತ್ತೀರಿ ಎಂದು. ಗುಮಾಸ್ತರಾದರೆ ಸಾಧಾರಣ ಬಟ್ಟೆಯ ಜೇಬು ಸಾಕು. ಹೆಡ್‌ಮಾಸ್ತರರಿಗೆ, ಡಾಕ್ಟರಿಗೆ, ಮದುವೆ ಗೊತ್ತು ಮಾಡುವವರಿಗೆ ಟಾರ್ಪಾಲನ್ನು ಎರಡು ಮಡಿಕೆ ಹಾಕಿ ಹೊಲಿಯಬೇಕು. ಇನ್ನೊಬ್ಬರ ವಿಷಯದಲ್ಲಿ ಹೀಗೇ ಆಗಲಿ ಎಂದು ಯಾರು ತೀರ್ಮಾನ ಮಾಡುತ್ತಾರೋ ಅವರ ಜೇಬಿಗೋ, ಅಂಗೈಗೋ, ಸೆರಗಿನ ಗಂಟಿಗೋ ಆ ಕ್ಷಣವೇ ಒಂದು ಕಲ್ಲು ಬಂದು ಬೀಳುತ್ತದೆ. ಮಗುವಿಗೆ ಇವತ್ತಿನ ಆಟ ಸಾಕು ಎಂದರೆ ಸಾಸಿವೆ ಗಾತ್ರದ್ದು. ಹುಡುಗನನ್ನು ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಕೂರಿಸಿದರೆ ಹುಣಸೆಬೀಜದಷ್ಟು. ಮಗಳ ಮದುವೆ ನಿಶ್ಚಯಿಸಿದ ಅಪ್ಪನಿಗೆ ಸೀಬೆಹಣ್ಣಿನಷ್ಟು. ಹೋಟೆಲಿನಲ್ಲಿ ಗಂಡ ಹೆಂಡತಿ ‘ನೀನೇ ಹೇಳು’, ‘ಇಲ್ಲ, ನೀವೇ ಹೇಳಿ’ ಎನ್ನುತ್ತಾ ಕೂತಿರುತ್ತಾರೆ. ಕೊನೆಗೆ ಮಾಣಿ ಬೇಸತ್ತು ತಾನೇ ಎರಡು ಮಸಾಲೆ ದೋಸೆ ತಂದಿಟ್ಟು, ಜೇಬಿಗೆ ಬಿದ್ದ ಕಾಳುಗಳನ್ನು ಕೈತೊಳೆಯುವ ತೊಟ್ಟಿಗೆ ಕೊಡವುತ್ತಾನೆ. ಪುರಸಭೆಯ ಸಮಿತಿಗಳಂತೂ ಮದುವೆ ದಿಬ್ಬಣದಷ್ಟು ದೊಡ್ಡವು. ಎಲ್ಲರೂ ಒಟ್ಟಿಗೆ ಕೈ ಎತ್ತಿದರೆ ಕಲ್ಲು ಪುಡಿಯಾಗಿ ಹಂಚಿಹೋಗುತ್ತದೆ. ಸಭೆ ಮುಗಿಸಿ ಮನೆಗೆ ಹೋಗಿ ಚಪ್ಪಲಿ ಕೊಡವಿದರೆ ಒಂದು ಚಿಟಿಕೆ ಮರಳು, ಅಷ್ಟೇ.

ಇನ್ನೊಂದು ಮಾತು. ಕಲ್ಲು ಯಾರ ಹತ್ತಿರ ಇದೆಯೋ ಆ ತೀರ್ಮಾನವನ್ನು ಬದಲಾಯಿಸುವ ಅಧಿಕಾರವೂ ಅವರೊಬ್ಬರದ್ದೇ. ಅವರು ಮನಸ್ಸು ಬದಲಾಯಿಸಿದರೆ ಕಲ್ಲು ಕರಗುತ್ತದೆ. ಇದು ನಮ್ಮ ಊರಿನ ಮಕ್ಕಳಿಗೂ ಗೊತ್ತು, ಕೋರ್ಟಿಗೂ ಗೊತ್ತು.

ನಾನು ಈ ಊರಿನ ಹಗಲು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪದವಿಯ ಮಕ್ಕಳಿಗೆ ನೀತಿಶಾಸ್ತ್ರ ಹೇಳಿಕೊಡುತ್ತೇನೆ. ನಾನು ಓದಿದ್ದೆಲ್ಲ ಸಂಜೆ ಕಾಲೇಜಿನಲ್ಲಿ. ಹಗಲು ಔಷಧಿ ಅಂಗಡಿಯಲ್ಲಿ ಡಾಕ್ಟರುಗಳ ಅಕ್ಷರ ಬಿಡಿಸುತ್ತಾ, ಸಂಜೆ ಹೊತ್ತು ಬೆಂಚಿನ ಮೇಲೆ ತೂಕಡಿಸುತ್ತಾ ಬಿ.ಎ., ಎಂ.ಎ. ಮುಗಿಸಿದವಳು. ಕಂಪ್ಯೂಟರ್ ಕಲಿಯುವವರಿಗೂ ನೀತಿಶಾಸ್ತ್ರ ಕಡ್ಡಾಯ ಎಂದು ವಿಶ್ವವಿದ್ಯಾಲಯ ಆದೇಶ ಕಳಿಸಿದಾಗ ಆ ವಿಷಯ ಓದಿದವರು ಊರಿನಲ್ಲಿ ಬೇರೆ ಯಾರೂ ಸಿಗಲಿಲ್ಲ, ಹಾಗಾಗಿ ನನ್ನನ್ನು ಕರೆದರು. ಸಿಕ್ಕಿದ್ದರೆ ಕರೆಯುತ್ತಿರಲಿಲ್ಲ ಎಂಬುದು ಮೆಟ್ಟಿಲು ಹತ್ತುವಾಗೆಲ್ಲ ನೆನಪಾಗುತ್ತದೆ. ಪ್ರತಿ ಪಾಠವನ್ನೂ ಮನೆಯಲ್ಲಿ ಗೋಡೆಯ ಎದುರು ನಿಂತು ಹೇಳಿ ನೋಡುತ್ತಿದ್ದೆ. ಗೋಡೆ ಚೆನ್ನಾಗಿ ಕೇಳಿಸಿಕೊಳ್ಳುತ್ತಿತ್ತು. ತರಗತಿಯಲ್ಲಿ ಮಾತ್ರ ನನ್ನ ಧ್ವನಿ ಎರಡನೇ ಬೆಂಚು ದಾಟುತ್ತಿರಲಿಲ್ಲ.

“ಮೇಡಂ, ಇದೆಲ್ಲ ಕಲ್ಲು ಬೀಳೋರಿಗೆ,” ಎಂದ ಒಂದು ದಿನ ರವೂಫ್. ಹಿಂದಿನ ಬೆಂಚಿನ ರಾಜ ಅವನು. ಅವನು ಬಾಯಿ ತೆರೆದರೆ ಉಳಿದವರು ನಗಲು ಸಿದ್ಧರಾಗುತ್ತಿದ್ದರು. “ನಾವು ಕೋಡ್ ಬರೆಯೋರು. ಕೋಡ್‌ಗೆ ಜೇಬೇ ಇಲ್ವಲ್ಲ ಮೇಡಂ!”

ತರಗತಿ ಹೋ ಎಂದಿತು. “ಯೋಚನೆ ಮಾಡಿ ಹೇಳ್ತೀನಿ,” ಎಂದೆ. ಮೇಷ್ಟ್ರಾದವರು ಹಾಗೆ ಹೇಳಬಾರದು ಎಂದು ಆಮೇಲೆ ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ.

ಆಗಲೇ ಸಂಜೆ ಕಾಲೇಜಿನ ಪ್ರಿನ್ಸಿಪಾಲ್ ವಾಸುದೇವಯ್ಯನವರು ನಮ್ಮ ಕಾಲೇಜಿಗೆ ಬಂದರು. ನನಗೂ ಪಾಠ ಹೇಳಿದ್ದವರು. ಅಲ್ಲಿ ಸೀಟಿಗಿಂತ ಅರ್ಜಿ ಮೂರು ಪಟ್ಟು; ಯಾರಿಗೆ ಸೀಟು, ಯಾರಿಗೆ ಇಲ್ಲ ಎಂದು ಅವರೊಬ್ಬರೇ ಆರಿಸಬೇಕು. ವರ್ಷವರ್ಷವೂ ಜೇಬು ತುಂಬಿ ತುಂಬಿ ಅವರ ಬೆನ್ನು ಬಿಲ್ಲಿನಂತೆ ಬಾಗಿತ್ತು. “ಒಂದು ಪ್ರೋಗ್ರಾಂ ಬರೆದುಕೊಡ್ರಪ್ಪ, ಅದೇ ಆರಿಸಲಿ,” ಎಂದು ಕೇಳಿದರು. ಚಿನ್ಮಯಿ ಒಪ್ಪಿಕೊಂಡಳು. ತರಗತಿಯಲ್ಲಿ ಎಲ್ಲರಿಗಿಂತ ಚುರುಕಾದ ಹುಡುಗಿ. ಯೋಚಿಸುವಾಗ ಜಡೆಯ ತುದಿ ಕಚ್ಚುವ ಅಭ್ಯಾಸ.

ಆ ವರ್ಷ ಅರ್ಜಿ ಹಾಕಿದವರಲ್ಲಿ ನೇತ್ರಾವತಿಯೂ ಇದ್ದಳು. ಔಷಧಿ ಅಂಗಡಿಯಲ್ಲಿ ನಾನು ಬಿಟ್ಟುಬಂದ ಸ್ಟೂಲಿನ ಮೇಲೆ ಈಗ ಕೂರುವವಳು. ಅರ್ಜಿ ಹಾಕು ಎಂದು ಹುರಿದುಂಬಿಸಿದವಳೂ ನಾನೇ. ಅವಳ ಅತ್ತೆ ಪುಟ್ಟತಾಯಮ್ಮ ತಿಂಗಳುಗಟ್ಟಲೆ ಕಾದಾಡಿ ಕೊನೆಗೆ, “ಹೋಗು, ಓದು, ಸಂಜೆ ಅಡುಗೆ ನಾ ಮಾಡ್ಕತೀನಿ. ಆದ್ರೆ ಈ ಒಂದು ವರ್ಸ ಮಾತ್ರ ಕೇಳು, ಮುಂದಿನ ವರ್ಸ ಈ ಪುರಾಣ ಬೇಡ,” ಎಂದಿದ್ದರು. ಹಾಗೆ ಹೇಳಿದ ಕೂಡಲೇ ಅವರ ಮಡಿಲಿಗೆ ನಿಂಬೆಹಣ್ಣಿನಷ್ಟು ದಪ್ಪದ ಕಲ್ಲು ಬಿದ್ದಿತ್ತು. ಅದನ್ನು ತೊಳೆದು ಅರಿಸಿನ ಹಚ್ಚಿ ದೇವರ ಗೂಡಿನಲ್ಲಿಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದರು.

ಪ್ರೋಗ್ರಾಂ ನಡೆಸುವ ದಿನ ನಮ್ಮ ಲ್ಯಾಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾಸುದೇವಯ್ಯನವರು ಎರಡೂ ಜೇಬು ಹೊರಕ್ಕೆಳೆದು ತೋರಿಸಿದರು: ಖಾಲಿ. ಚಿನ್ಮಯಿ ಎಡಗೈಯನ್ನು ಭಿಕ್ಷೆ ಬೇಡುವವಳಂತೆ ಚಾಚಿ, ಬಲಗೈಯಿಂದ ಗುಂಡಿ ಒತ್ತಿದಳು. ಪರದೆಯ ಮೇಲೆ ಹೆಸರುಗಳು ಸರಸರನೆ ಎರಡು ಪಾಲಾದವು. ಅವಳ ಕೈ ಖಾಲಿ. ಅವರ ಜೇಬೂ ಖಾಲಿ.

“ಬಿದ್ದಿಲ್ಲ!” ಎಂದು ಚಿನ್ಮಯಿ ಕಿರುಚಿದಳು. “ಬಿದ್ದೇ ಇಲ್ಲ!”

ಹುಡುಗರು ಅವಳನ್ನು ಕುರ್ಚಿ ಸಮೇತ ಎತ್ತಿಬಿಟ್ಟರು. ವಾಸುದೇವಯ್ಯನವರು ನನ್ನ ಎರಡೂ ಕೈ ಹಿಡಿದು, “ವನಜಾ, ಇನ್ನು ನಾನು ನೆಟ್ಟಗೆ ನಡೀಬಹುದೇನಮ್ಮ,” ಎಂದರು, ಕಣ್ಣಲ್ಲಿ ನೀರು. ನನಗೂ ಮೈಯೆಲ್ಲ ಜುಮ್ಮೆಂದಿತು. ನಾನೂ ಚಪ್ಪಾಳೆ ತಟ್ಟಿದೆ. ಸಂಜೆಯೊಳಗೆ ಪುರಸಭೆಯವರು, ಬ್ಯಾಂಕಿನವರು, ಒಬ್ಬ ಮದುವೆ ದಲ್ಲಾಳಿ ಕೂಡ ಬಂದು ತಮಗೂ ಒಂದು ಬರೆದುಕೊಡಿ ಎಂದು ಹುಡುಗರ ಹಿಂದೆ ಬಿದ್ದರು. ದರ್ಜಿಯೊಬ್ಬನ ಮುಖ ಮಾತ್ರ ಬಾಡಿತ್ತು.

ಆದರೆ ಸೀಟು ಸಿಗದವರ ಪಾಲಿನಲ್ಲಿ ನೇತ್ರಾವತಿಯ ಹೆಸರು ಇತ್ತು. ಅಷ್ಟು ಗಲಾಟೆಯಲ್ಲಿ ಅದನ್ನು ನೋಡಿದವಳು ನಾನೊಬ್ಬಳೇ.

ಮರುದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ನಮ್ಮ ಮನೆಯ ಬಾಗಿಲಲ್ಲಿದ್ದರು. ಪುಟ್ಟತಾಯಮ್ಮ ಒಳಗೆ ಬರುವ ಮೊದಲೇ ಶುರು ಮಾಡಿದರು. “ನೋಡು ವನಜವ್ವ, ನೀನೇ ನ್ಯಾಯ ಹೇಳು. ನಾನು ಇವಳಿಗೋಸ್ಕರ ಕಲ್ಲು ಹೊತ್ಕಂಡೆ. ಊರ್ಗೆಲ್ಲ ತೋರ್ಸ್ದೆ. ಇವ್ಳು ನೋಡಿದ್ರೆ ತಾನೇ ಬ್ಯಾಡ ಅಂದ್ಬುಟ್ಟವ್ಳೆ!”

“ನಾನು ಏನೂ ಹೇಳಿಲ್ಲ ಅಕ್ಕಾ!” ಎಂದಳು ನೇತ್ರಾವತಿ. ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಒಳಗೆ ಬೂದುಬಣ್ಣದ ಕಲ್ಲು, ನೆಲ್ಲಿಕಾಯಿಗಿಂತ ದೊಡ್ಡದು. “ನಿನ್ನೆ ಮಧ್ಯಾಹ್ನ ಅಂಗಡೀಲಿ ಕೂತಿದ್ದೆ. ಸುಮ್ನೆ ಬಂದು ಬಿತ್ತು. ಯಾರಿಗೂ ಏನೂ ಅಂದಿಲ್ಲ, ದೇವರಾಣೆ.”

“ಕಲ್ಲು ಸುಮ್ನೆ ಬೀಳ್ತದಾ? ಮಾಡ್ದೋರಿಗೇ ತಾನೇ ಬೀಳಾದು? ಓದಕ್ಕೆ ಹೆದ್ರಿಕೆ ಆಗಿದ್ರೆ ಬಾಯ್ಬಿಟ್ಟು ಹೇಳ್ಬೇಕಿತ್ತಪ್ಪ.”

ಇಬ್ಬರನ್ನೂ ಕರೆದುಕೊಂಡು ವಾಸುದೇವಯ್ಯನವರ ಕಚೇರಿಗೆ ಹೋದೆ. ಅಲ್ಲಿ ಆಗಲೇ ಒಂದಷ್ಟು ಜನ ನಿಂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಲ್ಲು. ವಾಸುದೇವಯ್ಯನವರು ಗಾಬರಿಯಾಗಿದ್ದರು. “ಇವರೆಲ್ಲ ತಾವಾಗಿಯೇ ಸೀಟು ಬೇಡ ಅಂದಿದ್ದಾರಲ್ಲಮ್ಮ. ಕಲ್ಲು ಅವರ ಹತ್ತಿರವೇ ಇದೆ.”

“ಸಾರ್, ಹಣ ಕಟ್ಟೋ ಗಡುವು ನಿನ್ನೆ ಸಂಜೆಗೇ ಮುಗೀತು. ಕೆಲವರು ಕಟ್ಟದೆ ಸೀಟು ಬಿಟ್ಟಿರಬೇಕಲ್ಲ, ಪ್ರತಿ ವರ್ಷ ಬಿಡ್ತಾರೆ. ಅದರಲ್ಲಿ ಒಂದನ್ನ ನೇತ್ರಾವತಿಗೆ...”

“ಖಾಲಿ ಇವೆಯಮ್ಮ, ಐದಾರು. ಆದರೆ ನಾನು ಹೇಗೆ ಕೊಡಲಿ? ಕಲ್ಲು ನನ್ನ ಹತ್ತಿರ ಇಲ್ಲವಲ್ಲ.”

“ಹಾಗಾದ್ರೆ ನನ್ನ ಹತ್ರ ಇದೆಯಲ್ಲ ಸಾರ್,” ಎಂದು ನೇತ್ರಾವತಿ ಕಣ್ಣೊರೆಸಿಕೊಂಡು ಮುಂದೆ ಬಂದಳು. “ನಾನೇ ಬದಲಾಯಿಸ್ತೀನಿ. ನನಗೆ ನಾನೇ ಸೀಟು ಕೊಟ್ಟೆ!”

ಎಲ್ಲರೂ ಕಲ್ಲನ್ನೇ ನೋಡಿದೆವು. ಅದು ಕರಗಲಿಲ್ಲ. “ಕೊಡೋ ಅಧಿಕಾರ ನಿನಗಿಲ್ಲವಲ್ಲ ತಾಯಿ,” ಎಂದರು ವಾಸುದೇವಯ್ಯನವರು, ಬಹಳ ಮೆತ್ತಗೆ. ಪುಟ್ಟತಾಯಮ್ಮ ಸೊಸೆಯ ಕೈಯಿಂದ ಕಲ್ಲು ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ತರಗತಿ ಸೋಮವಾರ ಶುರುವಾಗುವುದಿತ್ತು. ಅಂದು ಶುಕ್ರವಾರ.

ನನಗೆ ಮೊದಲ ಪೀರಿಯಡ್ ಇತ್ತು. ಮೆಟ್ಟಿಲು ಹತ್ತುವಾಗ ನನ್ನ ಅರ್ಹತೆಯ ವಿಷಯ ನೆನಪಾಗಲೇ ಇಲ್ಲ. ಬರೆದುಕೊಂಡು ಹೋಗಿದ್ದ ಪಾಠವನ್ನು ಮೇಜಿನ ಮೇಲೆ ಮಗುಚಿಟ್ಟೆ.

“ನಿನ್ನೆ ಕಲ್ಲು ಎಲ್ಲಿಗೆ ಹೋಯ್ತು?” ಎಂದು ಕೇಳಿದೆ.

“ರಜಾ ಹಾಕಿದೆ ಮೇಡಂ,” ಎಂದ ರವೂಫ್. ನಗು.

“ಸರಿ. ಹಾಗಾದರೆ ಈಗ ಇಲ್ಲೇ ಒಂದು ಪ್ರೋಗ್ರಾಂ ಬರಿ. ಫ್ಯಾನಿನ ಕೆಳಗಿನ ಬೆಂಚು ಯಾರಿಗೆ ಎಂದು ಅದು ಆರಿಸಲಿ. ನೋಡೋಣ.”

ಸೆಖೆಯ ದಿನ. ನಮ್ಮ ತರಗತಿಗೆ ಇರುವುದು ಒಂದೇ ಫ್ಯಾನು, ಅದರ ಕೆಳಗಿನ ಬೆಂಚಿಗಾಗಿ ಮೂರು ವರ್ಷದಿಂದ ಯುದ್ಧ ನಡೆಯುತ್ತಿತ್ತು. ಎಲ್ಲರೂ ಎದ್ದು ರವೂಫನ ಲ್ಯಾಪ್‌ಟಾಪನ್ನು ಮುತ್ತಿದರು. ‘ಎತ್ತರ ಇರೋರಿಗೆ ಕೊಡೋ’, ‘ಹಾಜರಿ ನೋಡೋ’, ‘ಬೆವರು ವಾಸನೆ ನೋಡೋ’ ಎಂದು ಕೂಗಾಟ. ಅವನು ನಗುತ್ತಾ ಬೆರಳಾಡಿಸಿದ. ಫ್ಯಾನಿನ ಕೆಳಗೆ ಈಗಾಗಲೇ ಹೆಚ್ಚು ದಿನ ಕೂತವರಿಗೆ ಜಾಗ ಇಲ್ಲ ಎಂಬುದೊಂದೇ ನಿಯಮ ಬರೆದು ಗುಂಡಿ ಒತ್ತಿದ. ಅವನ ಕೈ ಖಾಲಿ. ಒಂದು ಕ್ಷಣ ಏನೂ ಆಗಲಿಲ್ಲ.

“ಅಯ್ಯೋ!” ಎಂದಳು ಚಿನ್ಮಯಿ.

ಅವಳ ಅಂಗೈಯಲ್ಲಿ ಮೆಣಸಿನಕಾಳಿನಷ್ಟು ಕಲ್ಲಿತ್ತು. ಮೂರು ವರ್ಷದಿಂದ ಫ್ಯಾನಿನ ಕೆಳಗೇ ಕೂರುತ್ತಿದ್ದವಳು ಅವಳೇ.

“ಏಯ್, ನೀನೇ ಬೇಡ ಅಂದೆಯಾ?” ಎಂದ ಯಾರೋ.

“ನಾನು ಏನೂ ಹೇಳಿಲ್ಲ!” ಎಂದು ಅವಳು ಎದ್ದು ನಿಂತಳು. ಮುಖ ಕೆಂಪಗಾಗಿತ್ತು. “ನಾನು ಸುಮ್ನೆ ಕೂತಿದ್ದೆ, ಅದಾಗೇ ಬಂದು...” ಎನ್ನುತ್ತಾ ಅರ್ಧಕ್ಕೆ ನಿಲ್ಲಿಸಿದಳು. ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನೇತ್ರಾವತಿ ಆಡಿದ ಮಾತನ್ನು ನಾನು ಅವಳಿಗೆ ಹೇಳಿರಲಿಲ್ಲ. ಈಗ ಹೇಳಿದೆ. ಸಂಜೆ ಕಾಲೇಜಿನ ಮುಂದೆ ಕಲ್ಲು ಹಿಡಿದು ನಿಂತವರ ವಿಷಯವನ್ನೂ ಹೇಳಿದೆ.

“ಅಂದ್ರೆ,” ಎಂದಳು ಚಿನ್ಮಯಿ ನಿಧಾನವಾಗಿ, “ಯಾರೂ ತಗೊಳ್ದೇ ಇದ್ರೆ ಅದು ಬೇಡ ಅನ್ನಿಸಿಕೊಂಡೋರ ಹತ್ರಾನೇ ಹೋಗಿ ಬೀಳತ್ತೆ.”

ನನಗೆ ಇದ್ದಕ್ಕಿದ್ದಂತೆ ಧೈರ್ಯ ಬಂತೋ ಸಿಟ್ಟು ಬಂತೋ ಗೊತ್ತಿಲ್ಲ. “ರವೂಫ್, ಇಲ್ಲಿ ಬಾ,” ಎಂದೆ. ಎರಡನೇ ಬೆಂಚು ದಾಟದ ನನ್ನ ಧ್ವನಿ ಕಾರಿಡಾರಿಗೆ ಕೇಳಿಸಿತಂತೆ. “ಚಿನ್ಮಯಿಗೆ ಫ್ಯಾನಿನ ಕೆಳಗೆ ಜಾಗ ಇಲ್ಲ ಅಂದವರು ಯಾರು?”

“ಪ್ರೋಗ್ರಾಂ ಮೇಡಂ.”

“ಅವಳ ಮುಖ ನೋಡಿ ಹೇಳು.”

ಅವನು ಅವಳನ್ನು ನೋಡಿದ. ನಗಲು ಹೋಗಿ ನಗಲಾಗಲಿಲ್ಲ. ತಲೆ ಕೆರೆದುಕೊಂಡ. “ನಾನೇ,” ಎಂದ. “ಚಿನ್ಮಯಿ, ನಿನಗೆ ಅಲ್ಲಿ ಜಾಗ ಬೇಡ ಅಂದಿದ್ದು ನಾನೇ ಕಣೇ. ನೀನು ದಿನಾ ಅಲ್ಲೇ ಕೂರ್ತೀಯ ಅಂತ ನನಗೆ ಹೊಟ್ಟೆಯುರಿ.”

ಟಪ್ ಎಂದಿತು. ಕಾಳು ಅವಳ ಅಂಗೈಯಿಂದ ಮಾಯವಾಗಿ ಅವನ ಅಂಗೈಯಲ್ಲಿ ಕೂತಿತ್ತು.

ಆಮೇಲೆ ನಡೆದದ್ದನ್ನು ಪಾಠ ಎನ್ನಬಹುದೋ ಇಲ್ಲವೋ ನನಗೆ ಗೊತ್ತಿಲ್ಲ. ಬೆಂಚುಗಳ ಮೇಲೆ ಹತ್ತಿ ಕುಣಿದರು. ಎಲ್ಲರೂ ಪುಟ್ಟ ಪುಟ್ಟ ಪ್ರೋಗ್ರಾಂ ಬರೆದು ಒಬ್ಬರಿಗೊಬ್ಬರು ಬೇಡ ಎಂದು, ಆಮೇಲೆ ಮುಖ ನೋಡಿ ‘ನಾನೇ’ ಎಂದು ಕಲ್ಲು ಹಾರಿಸಿ ನೋಡಿದರು. ಗೋಡೆ ನೋಡಿಕೊಂಡು ಹೇಳಿದರೆ ಹಾರುತ್ತಿರಲಿಲ್ಲ. ಫೋನಿನಲ್ಲಿ ಹೇಳಿದರೆ ಹಾರುತ್ತಿರಲಿಲ್ಲ. ನಾಲ್ಕು ಜನ ಸೇರಿ ‘ನಾವು’ ಎಂದರೆ ಒಂದಿಷ್ಟು ಮರಳು ಉದುರಿ, ಮುಖ್ಯ ಕಲ್ಲು ಅಲ್ಲೇ ಉಳಿಯುತ್ತಿತ್ತು. “ಮೇಡಂ, ನೋಡಿ ಮೇಡಂ!” “ಮೇಡಂ, ಇಲ್ಲಿ!” ಎಂದು ನಾಲ್ಕು ಕಡೆಯಿಂದ ಕರೆಯುತ್ತಿದ್ದರು. ನಾನು ಬೆಂಚಿನಿಂದ ಬೆಂಚಿಗೆ ಓಡುತ್ತಿದ್ದೆ. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಅಷ್ಟು ಸಲ ಕರೆದಿರಲಿಲ್ಲ.

ಚಿನ್ಮಯಿ ಮಾತ್ರ ಕುಣಿಯಲಿಲ್ಲ. ಜಡೆಯ ತುದಿ ಬಾಯಲ್ಲಿತ್ತು. “ಅದರಲ್ಲಿ ನಾನೊಂದು ನಿಯಮ ಹಾಕಿದ್ದೆ ಮೇಡಂ,” ಎಂದಳು. “ಹೈಸ್ಕೂಲು ಬಿಟ್ಟು ತುಂಬಾ ವರ್ಷ ಆದೋರಿಗೆ ಅಂಕ ಕಡಿಮೆ. ಅವರು ಮಧ್ಯದಲ್ಲೇ ಬಿಟ್ಟುಹೋಗ್ತಾರೆ ಅಂದುಕೊಂಡೆ.”

“ಯಾರಾದರೂ ಹಾಗೆ ಹೇಳಿದರಾ?”

“ಇಲ್ಲ. ನನಗೇ ಅನ್ನಿಸ್ತು. ಹೋಗಿ ಅವರಿಗೆ ಹೇಳ್ಬೇಕು ಮೇಡಂ.”

ಆ ಲೆಕ್ಕದಲ್ಲಿ ನನಗೂ ಸೀಟು ಸಿಗುತ್ತಿರಲಿಲ್ಲ. ಹೇಳಬೇಕೆಂದುಕೊಂಡೆ, ಅವಳಿಗೆ ಇನ್ನಷ್ಟು ನೋವಾದೀತೆಂದು ಬಾಯಿ ಮುಚ್ಚಿಕೊಂಡೆ. ಅದು ಸರಿಯೋ ತಪ್ಪೋ ಇಂದಿಗೂ ತಿಳಿಯದು. “ಎಷ್ಟು ಜನ ಇದ್ದಾರೆ ಗೊತ್ತಾ? ಎಲ್ಲ ಕಲ್ಲೂ ನಿನ್ನ ಮೇಲೇ ಬರುತ್ತೆ,” ಎಂದೆ. “ಬೇಕಾದರೆ ವಾಸುದೇವಯ್ಯನವರನ್ನು ಕೇಳೋಣ. ಬರೆಸಿಕೊಂಡವರು ಅವರು. ಅವರೂ ಹೊರಬೇಕು.”

“ಅವರದ್ದು ಅವರು ಹೊರಲಿ ಮೇಡಂ. ಈ ನಿಯಮ ಅವರು ಹೇಳಿದ್ದಲ್ಲ,” ಎಂದು ಅವಳು ಬ್ಯಾಗು ಹೆಗಲಿಗೇರಿಸಿದಳು.

ಇಡೀ ತರಗತಿ ಅವಳ ಹಿಂದೆ ಹೊರಟಿತು. ಸಂಜೆ ಕಾಲೇಜಿನ ಅಂಗಳದಲ್ಲಿ ಕಲ್ಲು ಹಿಡಿದವರ ಗುಂಪು ಬೆಳಿಗ್ಗೆಗಿಂತ ದೊಡ್ಡದಾಗಿತ್ತು. ರವೂಫ್ ಒಂದು ಮೇಜು ಹೊತ್ತು ತಂದಿಟ್ಟ. ಚಿನ್ಮಯಿ ಅದರ ಹಿಂದೆ ಕೂರಲಿಲ್ಲ. ಬಳಸಿ ಬಂದು ಮುಂದೆ ನಿಂತಳು. ಮೊದಲು ಎದುರಾದವಳು ನೇತ್ರಾವತಿ, ಪಕ್ಕದಲ್ಲಿ ಅತ್ತೆ.

ಚಿನ್ಮಯಿ ಅವಳ ಮುಖ ನೋಡಿದಳು. “ಅಕ್ಕಾ, ನಿಮಗೆ ಸೀಟು ಬೇಡ ಅಂದಿದ್ದು ನಾನು. ಓದು ಬಿಟ್ಟು ತುಂಬಾ ವರ್ಷ ಆದೋರು ಓದಲ್ಲ ಅಂದ್ಕೊಂಡೆ. ನಿಮ್ಮನ್ನ ಕೇಳಲಿಲ್ಲ.”

ಟಪ್. ನೇತ್ರಾವತಿಯ ಗಂಟು ಸಡಿಲಾಯಿತು. ಚಿನ್ಮಯಿಯ ದುಪ್ಪಟ್ಟಾ ಒಂದು ಕಡೆ ಜಗ್ಗಿತು.

ಮೊದಲು ಮಾತಾಡಿದವರು ಪುಟ್ಟತಾಯಮ್ಮ. “ಓಹೋ! ನೀನಾ ಅದು?” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ನುಗ್ಗಿದರು. “ಬೆಳಿಗ್ಗೆಯಿಂದ ಯಾರನ್ನ ಬಯ್ಯಾದು ಅಂತ ಗೊತ್ತಾಗ್ದೆ ನನ್ನ ಸೊಸೇನೇ ಬೈದ್ನಲ್ಲೇ! ಪೇಪರ್ ನೋಡ್ಕಂಡು ಜನ ಆರಿಸ್ತಾರಾ? ಇವಳು ಮಾತ್ರೆ ಹೆಸ್ರು ನೂರಾರು ಬಾಯ್ಪಾಠ ಹೇಳ್ತಾಳೆ, ಕೇಳ್ದೆಯಾ?” ಹೀಗೆ ಉಸಿರು ಕಟ್ಟುವವರೆಗೂ ಬೈದರು. ಬೈಯುತ್ತಾ ಬೈಯುತ್ತಾ ಅವರ ಮುಖ ಅರಳುತ್ತಿತ್ತು. ಅಂಗಳದ ಜನವೆಲ್ಲ ನಗುತ್ತಿದ್ದರು. ಚಿನ್ಮಯಿ ತಲೆತಗ್ಗಿಸದೆ ಕೇಳಿಸಿಕೊಂಡಳು.

“ಕೇಳಲಿಲ್ಲ ಅಜ್ಜಿ. ಈಗ ಕೇಳ್ತೀನಿ,” ಎಂದು ನೇತ್ರಾವತಿಯ ಕಡೆ ತಿರುಗಿದಳು. “ಅಕ್ಕಾ, ಯಾಕೆ ಬಿಟ್ರಿ? ಯಾಕೆ ಮತ್ತೆ ಓದಬೇಕು ಅಂತಿದೀರಿ?”

“ಬಿಡಲಿಲ್ಲ, ಬಿಡಿಸಿದ್ರು,” ಎಂದಳು ನೇತ್ರಾವತಿ. “ತಮ್ಮನ ಫೀಸು, ನನ್ನ ಫೀಸು ಎರಡೂ ಆಗಲ್ಲ ಅಂದ್ರು. ಅಂಗಡೀಲಿ ಮಾತ್ರೆ ಡಬ್ಬಿ ಒಳಗೆ ಸಣ್ಣ ಅಕ್ಷರದ ಕಾಗದ ಇರುತ್ತಲ್ಲ, ಅದನ್ನ ಯಾರೂ ಓದಲ್ಲ. ನಾನು ಓದ್ತೀನಿ. ಅರ್ಧ ಅರ್ಥ ಆಗಲ್ಲ. ಪೂರ್ತಿ ಅರ್ಥ ಆಗಬೇಕು, ಅಷ್ಟೇ.”

“ಸೀಟು ನಿಮಗೆ,” ಎಂದಳು ಚಿನ್ಮಯಿ. ಜಗ್ಗಿದ್ದ ದುಪ್ಪಟ್ಟಾ ಮೇಲೆದ್ದಿತು, ಕಲ್ಲು ಕರಗಿತ್ತು. ವಾಸುದೇವಯ್ಯನವರು ಕಿಟಕಿಯಿಂದಲೇ ತಲೆ ಅಲ್ಲಾಡಿಸಿ ಮುದ್ರೆ ಒತ್ತಿದರು. ನೇತ್ರಾವತಿ ಅತ್ತೆಯ ಭುಜಕ್ಕೆ ಒರಗಿಬಿಟ್ಟಳು. ನಮ್ಮ ಹುಡುಗರು ಕ್ರಿಕೆಟ್ ಗೆದ್ದವರಂತೆ ಕೂಗಿದರು. ನಾನೂ ಕೂಗಿದೆ, ಆಮೇಲೆ ನಾಚಿಕೆಯಾಯಿತು, ಮತ್ತೆ ಕೂಗಿದೆ.

ಆದರೆ ಖಾಲಿ ಸೀಟುಗಳು ಬೇಗ ಮುಗಿದವು. ಸರದಿ ಮುಗಿದಿರಲಿಲ್ಲ. ಮುಂದೆ ಬಂದವನು ಬೇಕರಿಯಲ್ಲಿ ಕೆಲಸ ಮಾಡುವ ದಪ್ಪ ಮೀಸೆಯ ಮನುಷ್ಯ, ನನಗಿಂತ ಹಿರಿಯ. ಅವನ ಕೈಯಲ್ಲಿ ಮೊಟ್ಟೆಯಷ್ಟು ದೊಡ್ಡ ಕಲ್ಲಿತ್ತು. ಚಿನ್ಮಯಿ ನನ್ನ ಕಡೆ ನೋಡಿದಳು. ‘ಮುಗಿಯಿತು ಎಂದು ಎಲ್ಲರಿಗೂ ಸೇರಿಸಿ ಹೇಳಿಬಿಡು, ಮನೆಗೆ ಹೋಗು’ ಎಂಬ ಮಾತು ನನ್ನ ಬಾಯಿಯವರೆಗೂ ಬಂದಿತ್ತು. ನುಂಗಿಕೊಂಡೆ. ಅವಳು ಆ ಮನುಷ್ಯನ ಮುಖ ನೋಡಿದಳು. ಅವನ ಕಥೆಯನ್ನೂ ಪೂರ್ತಿ ಕೇಳಿದಳು. ಒಳ್ಳೆಯ ಕಥೆ, ನೇತ್ರಾವತಿಯದಕ್ಕಿಂತ ಏನೂ ಕಡಿಮೆಯದ್ದಲ್ಲ.

“ಸಾರ್, ಈ ವರ್ಷ ನಿಮಗೆ ಸೀಟು ಇಲ್ಲ,” ಎಂದಳು. “ಇಲ್ಲ ಅಂತ ಹೇಳ್ತಿರೋದು ನಾನು.”

ಟಪ್ ಎಂದು ಬಿದ್ದ ಭಾರಕ್ಕೆ ಅವಳು ಒಂದು ಹೆಜ್ಜೆ ಹಿಂದೆ ಸರಿದು, ಮೇಜು ಹಿಡಿದು ನಿಂತಳು. ರವೂಫ್ ಕೈ ಚಾಚಿದ. ಅವಳು ಬೇಡ ಎಂದು ತಲೆಯಾಡಿಸಿದಳು. ಆ ಮನುಷ್ಯ ತನ್ನ ಖಾಲಿ ಅಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಬೈಯುತ್ತಾನೆ ಎಂದುಕೊಂಡೆ.

“ಹೆಸರೇನಮ್ಮ ನಿಂದು?” ಎಂದು ಕೇಳಿದ.

“ಚಿನ್ಮಯಿ.”

“ಚಿನ್ಮಯಿ. ಸರಿ. ಮುಂದಿನ ವರ್ಷ ಬಂದು ನಿನ್ನ ಹತ್ರಾನೇ ಜಗಳ ಆಡ್ತೀನಿ. ಇರ್ತೀಯಾ?”

“ಇರ್ತೀನಿ ಸಾರ್,” ಎಂದು ಕಣ್ಣೊರೆಸಿಕೊಂಡು, ಅವನ ಹೆಗಲಾಚೆ ಕತ್ತು ಚಾಚಿ ಕೂಗಿದಳು, “ಮುಂದಿನೋರು ಬನ್ನಿ.”